ಮೈದಾನವೂ ಒಂದು ಪಂಕ್ತಿ



ಕಳೆದ ಮಾಘಮಾಸದ ಒಂದು ಸೋಮವಾರ. ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಶಾಖಾಮಠದಲ್ಲಿ ಪೂಜೆ ಪೂರೈಸಿ ಹೊರಗೆ ಬಂದು ಕುಳಿತಿದ್ದೆವು. ಜಯನಗರದಲ್ಲಿ ನೆಲೆಸಿರುವ ಭಕ್ತ ದಂಪತಿಗಳು ಹತ್ತು ವರ್ಷದ ಮಗನನ್ನು ಕರೆದುಕೊಂಡು ದರ್ಶನಕ್ಕೆ ಬಂದರು. ತಂದೆಯವರು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಈಗ ಒಳ್ಳೆಯ ಉದ್ಯೋಗದಲ್ಲಿದ್ದರೂ ಮಠವನ್ನು ಮರೆಯದವರು. ತಾಯಿಯ ಕೈಯಲ್ಲಿ ಬಣ್ಣಬಣ್ಣದ ಮೂರು ಪುಸ್ತಿಕೆಗಳಿದ್ದವು. ಮೂರೂ ಮೂರು ಖಾಸಗಿ ಶಾಲೆಗಳ ವಿವರಣ ಪುಸ್ತಿಕೆಗಳು.

“ಬುದ್ಧೀ, ಇವನನ್ನ ಈ ವರ್ಷ ಬೇರೆ ಸ್ಕೂಲಿಗೆ ಸೇರಿಸ್ಬೇಕು ಅಂತಿದೀವಿ. ಓದು ಎಲ್ಲ ಕಡೇನೂ ಹೆಚ್ಚುಕಡಿಮೆ ಒಂದೇ. ಡಾಕ್ಟರು ಹುಡುಗನನ್ನ ಚೆನ್ನಾಗಿ ಆಡಿಸಿ ಅಂದಿದಾರೆ. ಆಟ ಎಲ್ಲಿ ಚೆನ್ನಾಗಿದೆ ಅಂತ ನಮಗೆ ತಿಳೀತಿಲ್ಲ. ತಾವೇ ಅಪ್ಪಣೆ ಕೊಡಿಸ್ಬೇಕು” ಎಂದರು.

ಪುಸ್ತಿಕೆಗಳನ್ನು ತಿರುವಿ ಹಾಕಿದೆವು. ಒಂದರಲ್ಲಿ ನೀಲಿ ನೀರಿನ ಈಜುಕೊಳ, ಇನ್ನೊಂದರಲ್ಲಿ ಪಾರಿತೋಷಕಗಳನ್ನು ಎತ್ತಿ ಹಿಡಿದ ಬಾಲಕರು, ಮತ್ತೊಂದರಲ್ಲಿ ಧ್ವಜ ಹಿಡಿದು ಸಾಲಾಗಿ ನಡೆಯುವ ಮಕ್ಕಳು. ನಾವು ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಇದುವರೆಗೆ ತಾಯಿಯ ಸೆರಗಿನ ಹಿಂದೆ ನಿಂತಿದ್ದ ಹುಡುಗ, ಕೊಂಚ ಸ್ಥೂಲಕಾಯದ, ಕನ್ನಡಕ ಧರಿಸಿದ ಆ ಮಗು, ಮೆಲ್ಲಗೆ ಕೇಳಿತು: “ಅಲ್ಲಿ ನನ್ನನ್ನೂ ಆಡಿಸ್ತಾರಾ?”

ತಂದೆ ತಾಯಿಗಳು ನಕ್ಕರು. ನಮಗೆ ನಗು ಬರಲಿಲ್ಲ. ಆ ಮೂರು ಪುಸ್ತಿಕೆಗಳಲ್ಲಿ ಎಲ್ಲಕ್ಕೂ ಉತ್ತರವಿತ್ತು. ಈ ಒಂದು ಪ್ರಶ್ನೆಗೆ ಮಾತ್ರ ಇರಲಿಲ್ಲ. ನಮ್ಮಲ್ಲಿಯೂ ಇರಲಿಲ್ಲ. “ಹದಿನೈದು ದಿನ ಕಾಲ ಕೊಡಿ, ನೋಡಿ ಹೇಳುತ್ತೇವೆ” ಎಂದು ಆಶೀರ್ವದಿಸಿ ಕಳುಹಿಸಿದೆವು. ಆ ನೋಡುವ ಕೆಲಸದಲ್ಲಿ ನಾವು ಕಂಡದ್ದನ್ನೂ, ಕಂಡ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿ ಬಂದದ್ದನ್ನೂ ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಸಂನ್ಯಾಸಿಗೆ ಆಟದ ಮೈದಾನದಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ನಮ್ಮ ನಾಡಿನ ಮಠಗಳಿಗೂ ಮೈಕಸುವಿಗೂ ಇರುವ ನಂಟು ಹಳೆಯದು. ಸುತ್ತೂರಿನ ಜಾತ್ರೆಯಲ್ಲಿ ಇಂದಿಗೂ ಕುಸ್ತಿಪಂದ್ಯಗಳು ನಡೆಯುತ್ತವೆ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮೀಜಿಯವರು 1996ರಲ್ಲಿ ದೇಹಬಿಡುವ ತನಕ ಯೋಗ ವ್ಯಾಯಾಮಗಳನ್ನು ಹಳ್ಳಿಯ ಮಕ್ಕಳಿಗೆ ಕಲಿಸುವುದನ್ನೇ ತಪಸ್ಸೆಂದು ಬಗೆದಿದ್ದರು. ಇನ್ನು ನಮ್ಮ ಶರಣರ ದೃಷ್ಟಿಯಂತೂ ಸ್ಪಷ್ಟವಾದದ್ದು. ಶರೀರವನ್ನು ಹೇಯವೆಂದು ಜರೆದು ದಂಡಿಸಿದ ಪಂಥ ಅವರದಲ್ಲ. ಅಂಗವಿಲ್ಲದೆ ಲಿಂಗಪೂಜೆಯೆಲ್ಲಿ? ಇಷ್ಟಲಿಂಗವನ್ನು ಧರಿಸುವ ಕರಸ್ಥಲವೂ ಈ ದೇಹದ್ದೇ ಅಲ್ಲವೆ? ಕಾಯವಿಲ್ಲದೆ ಕಾಯಕವೂ ಇಲ್ಲ. ಹೀಗಿರುವಾಗ ಮಕ್ಕಳ ಕಾಯವನ್ನು ನಮ್ಮ ವಿದ್ಯಾಸಂಸ್ಥೆಗಳು ಹೇಗೆ ನೋಡಿಕೊಳ್ಳುತ್ತಿವೆಯೆಂಬುದು ಮಠಾಧಿಪತಿಗೆ ಸಲ್ಲದ ಪ್ರಶ್ನೆಯಲ್ಲ.

ಮೊದಲು ಊರಿನ ಮಾತು. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದಾಗ, ಅಗಲವಾದ ಬೀದಿಗಳು, ಬೀದಿಗೆರಡು ಸಾಲು ಮರ, ಅಲ್ಲಲ್ಲಿ ಉದ್ಯಾನ, ಬಯಲು ಎಂದು ಯೋಜಿಸಿದ್ದರು. ಆ ದೂರದೃಷ್ಟಿಯ ಫಲವನ್ನು ಇಂದಿಗೂ ಉಣ್ಣುತ್ತಿದ್ದೇವೆ. ಆಮೇಲೆ ಬನಶಂಕರಿ, ಜಯಪ್ರಕಾಶ ನಗರ, ಬಿ.ಟಿ.ಎಂ. ಬಡಾವಣೆಗಳು ಬೆಳೆದವು. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರೆಂಬುದೂ ಈಗಿನ ಮಕ್ಕಳಿಗೆ ತಿಳಿಯದು. ನಿವೇಶನಗಳು ಕಿರಿದಾದವು, ಬೆಲೆ ಏರಿತು. ಮನೆಯ ನಿವೇಶನಗಳ ಮೇಲೆಯೇ ಶಾಲೆಗಳು ಎದ್ದವು. ಎತ್ತರವಾಗಿ ಬೆಳೆದ ಶಾಲೆಗೆ ಮುಂದೆ ಬಯಲು ಉಳಿಯಲಿಲ್ಲ. ಹಣವುಳ್ಳ ಹೊಸ ಸಂಸ್ಥೆಗಳು ಕನಕಪುರದ ರಸ್ತೆಯತ್ತ, ಬನ್ನೇರುಘಟ್ಟದ ರಸ್ತೆಯತ್ತ ಹೋಗಿ ಎಕರೆಗಟ್ಟಲೆ ನೆಲ ಹಿಡಿದವು. ಬಯಲಿಲ್ಲದ ಶಾಲೆ ಊರೊಳಗೆ, ಬಯಲುಳ್ಳ ಶಾಲೆ ಊರಾಚೆ. ದಕ್ಷಿಣ ಬೆಂಗಳೂರಿನ ಖಾಸಗಿ ಶಾಲೆಗಳ ಆಟದ ಕಥೆ ಮುಕ್ಕಾಲು ಪಾಲು ಇಷ್ಟೇ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನವಿರತಕ್ಕದ್ದು, ತರಗತಿಗೆ ಬೇಕಾದ ಆಟದ ಸಾಮಗ್ರಿಯಿರತಕ್ಕದ್ದು ಎಂದು ಬರೆದಿದೆ. ಬರೆದಿರುವುದು ಬೇರೆ, ನೆಲದ ಮೇಲಿರುವುದು ಬೇರೆ.

ನಾವು ನೋಡಲು ಹೊರಟೆವು. ಗುಟ್ಟಾಗಿ ನೋಡಬೇಕೆಂಬುದು ನಮ್ಮ ಆಸೆ. ಆದರೆ ಕಾವಿ ತೊಟ್ಟವನು ಗುಟ್ಟಾಗಿ ಹೋಗುವುದೆಂತು? ಮೊದಲ ದಿನ ಒಂದು ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರು ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಎರಡು ಸಾಲಾಗಿ ಬಿಸಿಲಲ್ಲಿ ನಿಂತಿದ್ದರು. ಆಟದ ಅವಧಿ ನಮ್ಮ ಸ್ವಾಗತದಲ್ಲಿಯೇ ಕಳೆದುಹೋಯಿತು. ಅಂದಿನಿಂದ ಹೇಳದೆ ಹೋಗಿ, ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಮಾತಾಡಿಸಬೇಡಿರೆಂದು ಕೇಳಿಕೊಂಡು, ಕೈಗಡಿಯಾರ ನೋಡುತ್ತ ಕುಳಿತೆವು. ಶಾಲೆಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಗುಣದೋಷಗಳು ಒಂದು ಶಾಲೆಯವಲ್ಲ, ಒಂದು ಬಗೆಯವು.

ಮೊದಲನೆಯದು ಕನಕಪುರದ ರಸ್ತೆಯ ದೊಡ್ಡ ಶಾಲೆ. ಅಲ್ಲಿಯ ಸೌಕರ್ಯವನ್ನು ಕಂಡು ಬೆರಗಾದೆವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಈಜುಕೊಳ, ಬ್ಯಾಸ್ಕೆಟ್‌ಬಾಲ್ ಅಂಕಣಗಳು, ಕೃತಕ ಹುಲ್ಲುಹಾಸಿನ ಕಾಲ್ಚೆಂಡಿನ ಬಯಲು. ಕಿರಿಯ ತರಗತಿಗಳಲ್ಲಿ ಪ್ರತಿಯೊಂದು ಮಗುವಿಗೂ, ಹೆಣ್ಣಿರಲಿ ಗಂಡಿರಲಿ, ಈಜು ಕಲಿಸುತ್ತಾರೆ. ಇದು ಮೆಚ್ಚತಕ್ಕ ಮಾತು. ಕೆರೆ ಬಾವಿಗಳಲ್ಲಿ ನಮ್ಮ ಮಕ್ಕಳು ಪ್ರಾಣ ಕಳೆದುಕೊಳ್ಳುವ ಸುದ್ದಿಯನ್ನು ಬೇಸಗೆ ಬೇಸಗೆಯೂ ಓದುವ ನಾವು, ಈಜನ್ನು ಆಟವೆನ್ನುವುದಕ್ಕಿಂತ ವಿದ್ಯೆಯೆನ್ನಬೇಕು. ಆದರೆ ಆರನೆಯ ತರಗತಿಗೆ ಬಂದೊಡನೆ ಅಲ್ಲಿ ಒಂದು ಜರಡಿ ಹಿಡಿಯುತ್ತಾರೆ. ಚುರುಕಾದವರನ್ನು ಆರಿಸಿ ತಂಡ ಕಟ್ಟುತ್ತಾರೆ. ತರಬೇತುಗಾರರು ಶಾಲೆಯ ನೌಕರರಲ್ಲ. ಹೊರಗಿನ ಸಂಸ್ಥೆಯೊಂದು ಗುತ್ತಿಗೆಯ ಮೇಲೆ ಕಳುಹಿಸಿದವರು. ಸಂಜೆಯ ವಿಶೇಷ ತರಬೇತಿಗೆ ಪ್ರತ್ಯೇಕ ಶುಲ್ಕ. ತಂಡದ ಮಕ್ಕಳು ಬೆವರು ಸುರಿಸುತ್ತಿದ್ದರೆ, ಉಳಿದವರು ವಾಹನ ಹೊರಡುವ ತನಕ ಚೀಲ ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಕಾಲ್ಚೆಂಡಿನ ಬಯಲು ಎದುರಿಗೇ ಇತ್ತು. ಅವರಿಗೂ ಅದಕ್ಕೂ ನಡುವೆ ಒಂದು ಬಲೆ ಕಟ್ಟಿತ್ತು.

ಎರಡನೆಯದು ಬಿ.ಟಿ.ಎಂ. ಬಡಾವಣೆಯ ಕಡೆಯ ನಾಲ್ಕಂತಸ್ತಿನ ಶಾಲೆ. ಮಾಳಿಗೆಯ ಮೇಲೆ ಬಲೆ ಕಟ್ಟಿ ಅದನ್ನೇ ಬಯಲೆನ್ನುತ್ತಾರೆ. ಚದುರಂಗ, ಟೇಬಲ್ ಟೆನ್ನಿಸ್, ಕರಾಟೆ ಇವೆ. ಜಾಗವಿಲ್ಲದವರು ಮಾಡಬಹುದಾದದ್ದು ಅದು, ತಪ್ಪೆನ್ನಲಾರೆವು. ನೋವಿನ ಸಂಗತಿ ಬೇರೆ. ವರ್ಷಕ್ಕೊಂದು ದಿನ ಬಾಡಿಗೆಯ ಕ್ರೀಡಾಂಗಣದಲ್ಲಿ ಅದ್ದೂರಿಯಿಂದ ನಡೆಯುವ ಕ್ರೀಡೋತ್ಸವವೇ ಅವರ ಪಾಲಿಗೆ ಕ್ರೀಡಾಶಿಕ್ಷಣ. ಹಿಂದೊಂದು ವರ್ಷ ಇಂಥದೇ ಉತ್ಸವಕ್ಕೆ ನಾವೇ ಮುಖ್ಯ ಅತಿಥಿಗಳಾಗಿದ್ದೆವು. ಬ್ಯಾಂಡಿನ ತಾಳಕ್ಕೆ ಹೆಜ್ಜೆಯಿಡುತ್ತ ಮಕ್ಕಳು ಗೌರವ ಸಲ್ಲಿಸಿದಾಗ ಕೈಯೆತ್ತಿ ಸ್ವೀಕರಿಸಿ ಸಂತೋಷಪಟ್ಟಿದ್ದೆವು. ಆ ನಡಿಗೆಗಾಗಿ ಒಂದು ತಿಂಗಳು ಆ ಮಕ್ಕಳ ಆಟದ ಅವಧಿಗಳೆಲ್ಲ ಬಿಸಿಲಲ್ಲಿ ನಿಲ್ಲುವುದರಲ್ಲಿಯೇ ಕಳೆದಿದ್ದುವೆಂದು ಆಗ ತಿಳಿದಿರಲಿಲ್ಲ. ಓಡಿದವರು ಕೆಲವರು; ನಿಂತವರು ನೂರಾರು. ಅವರು ನಿಂತದ್ದು ನಮಗಾಗಿ!

ಮೂರನೆಯದು ಬನಶಂಕರಿಯ ಹಳೆಯ, ಇಕ್ಕಟ್ಟಾದ, ಅನುದಾನಿತ ಕನ್ನಡ ಶಾಲೆ. ಈ ಶಾಲೆಯ ಪುಸ್ತಿಕೆ ಆ ಮೂರರಲ್ಲಿ ಇರಲಿಲ್ಲ, ಏಕೆಂದರೆ ಇವರು ಪುಸ್ತಿಕೆಯನ್ನೇ ಅಚ್ಚು ಹಾಕಿಸಿಲ್ಲ. ನಮ್ಮ ಕಾರು ಓಡಿಸುವ ಭಕ್ತರ ಮಗಳು ಅಲ್ಲಿ ಓದುತ್ತಾಳೆಂದು ಹೋದೆವು. ಸ್ವಂತ ಮೈದಾನವಿಲ್ಲ. ಎರಡು ಬೀದಿ ಆಚೆಯ ಸಾರ್ವಜನಿಕ ಬಯಲಿಗೆ ವಾರಕ್ಕೆ ಮೂರು ದಿನ ದೈಹಿಕ ಶಿಕ್ಷಕರು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಾರೆ. ಕೈಯಲ್ಲಿ ಒಂದು ಸೀಟಿ, ಚೀಲದಲ್ಲಿ ಸುಣ್ಣದ ಪುಡಿ, ಹೆಗಲ ಮೇಲೆ ಖೊ ಖೊ ಆಟದ ಎರಡು ಕಂಬ. ಬಯಲಿನ ಒಂದು ಬದಿಯನ್ನು ಕ್ರಿಕೆಟ್ ಆಡುವವರು ಹಿಡಿದಿದ್ದರು. ಅವರೊಡನೆ ಜಗಳವಾಡದೆ, ಉಳಿದ ನೆಲದಲ್ಲಿ ಸುಣ್ಣದ ಗೆರೆ ಎಳೆದು, ಐದು ನಿಮಿಷದಲ್ಲಿ ನಲವತ್ತು ಮಕ್ಕಳನ್ನು ಆಟಕ್ಕೆ ಹಚ್ಚಿದರು. ಕೆಲವರು ಖೊ ಖೊ, ಕೆಲವರು ಕಬಡ್ಡಿ, ಇಬ್ಬರು ಎಣಿಕೆ, ಒಬ್ಬಳು ತೀರ್ಪು. ಹತ್ತು ನಿಮಿಷಕ್ಕೊಮ್ಮೆ ಸೀಟಿ. ಎಣಿಸುತ್ತಿದ್ದವರು ಆಟಕ್ಕೆ, ಆಡುತ್ತಿದ್ದವರು ಎಣಿಕೆಗೆ. ಕಾಲು ಸೊಟ್ಟಗಿದ್ದ ಒಬ್ಬ ಹುಡುಗನೂ ಅಂಕಣದೊಳಗೇ ಇದ್ದ. ಅವನು ಎದ್ದು ಓಡಬೇಕಾದಾಗ ಎದುರಾಳಿಗಳು ಮೂರು ಎಣಿಸಿ ಆಮೇಲೆ ಓಡಬೇಕೆಂಬ ತಮ್ಮದೇ ಒಂದು ನಿಯಮವನ್ನು ಮಕ್ಕಳು ಮಾಡಿಕೊಂಡಿದ್ದರು.

ವಾಚಕರೇ, ಇಲ್ಲೊಂದು ಲೆಕ್ಕವನ್ನು ನಿಮ್ಮ ಗಮನಕ್ಕೆ ತರಬೇಕು. ಬ್ಯಾಸ್ಕೆಟ್‌ಬಾಲ್ ಅಂಕಣದ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಒಮ್ಮೆಗೆ ಆಡುವವರು ಹತ್ತು ಮಂದಿ. ಕಬಡ್ಡಿಯ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಆಡುವವರು ಹದಿನಾಲ್ಕು ಮಂದಿ. ಒಂದು ಬ್ಯಾಸ್ಕೆಟ್‌ಬಾಲ್ ಅಂಕಣದಷ್ಟು ವಿಸ್ತಾರದಲ್ಲಿ ಕಬಡ್ಡಿಯ ಮೂರು ಅಂಕಣಗಳಾಗುತ್ತವೆ, ನಲವತ್ತೆರಡು ಮಕ್ಕಳು ಏಕಕಾಲಕ್ಕೆ ಆಡಬಹುದು. ಹಿರಿಯರು ನಮಗೆ ಬಿಟ್ಟುಹೋದ ಆಟಗಳು ಬಡವರ ಆಟಗಳೆಂದು ನಾವು ಮೂಗುಮುರಿದೆವು. ಅವು ಬಡವರ ಆಟಗಳಲ್ಲ, ಹಂಚಿ ಉಣ್ಣುವವರ ಆಟಗಳು. ಖೊ ಖೊ ಆಟದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದಾಗ ಭಾರತದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಗೆದ್ದರು. ಆ ಮಹಿಳಾ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಈಜುಕೊಳವೂ ಹುಲ್ಲುಹಾಸೂ ಇಲ್ಲದ ಹಳ್ಳಿಯ ಮಣ್ಣು ಅದು.

ಹಾಗೆಂದು ಪದಕಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಪ್ರತಿಭೆಗೂ ದಾರಿ ಬೇಕು, ಮತ್ತು ಆ ದಾರಿಯ ವಿಷಯ ಪೋಷಕರಿಗೆ ತಿಳಿದಿರಬೇಕು. ರಾಜ್ಯದ ಪಠ್ಯಕ್ರಮದ ಶಾಲೆಯ ಮಗು ಶಿಕ್ಷಣ ಇಲಾಖೆಯ ಪಂದ್ಯಗಳಲ್ಲಿ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತುತ್ತದೆ. ಕೇಂದ್ರೀಯ ಮಂಡಲಿಯ ಶಾಲೆಗಳಿಗೆ ತಮ್ಮದೇ ಕ್ಲಸ್ಟರ್ ಮತ್ತು ವಲಯ ಪಂದ್ಯಗಳುಂಟು, ಐ.ಸಿ.ಎಸ್.ಇ. ಶಾಲೆಗಳಿಗೆ ಬೇರೆಯೇ ಏಣಿ. ಆದುದರಿಂದ ‘ನಾವು ಚಾಂಪಿಯನ್ನರು’ ಎಂದು ಮೂರು ಶಾಲೆಗಳೂ ಹೇಳಿಕೊಂಡರೆ ಮೂರೂ ಸುಳ್ಳಲ್ಲ. ಒಬ್ಬರನ್ನೊಬ್ಬರು ಎದುರಿಸದೆಯೇ ಎಲ್ಲರೂ ಗೆದ್ದಿರಬಹುದು!

ಇನ್ನೊಂದು ಮಾತು. ದೊಡ್ಡ ಆಟಗಾರರನ್ನು ಶಾಲೆಯೊಂದೇ ಮಾಡುವುದಿಲ್ಲ. ಅನಿಲ್ ಕುಂಬ್ಳೆಯವರು ಓದಿದ್ದು 1917ರಲ್ಲಿ ಸ್ಥಾಪನೆಗೊಂಡ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ, ಆಮೇಲೆ ನ್ಯಾಷನಲ್ ಕಾಲೇಜಿನಲ್ಲಿ. ಅವರು ಹದಿಮೂರನೆಯ ವಯಸ್ಸಿಗೇ ಯಂಗ್ ಕ್ರಿಕೆಟರ್ಸ್ ಎಂಬ ಕ್ಲಬ್ಬನ್ನು ಸೇರಿದ್ದರು. 1990ರಲ್ಲಿ ಭಾರತದ ಪರವಾಗಿ ಟೆಸ್ಟ್ ಪಂದ್ಯವನ್ನಾಡಿ, ಆಮೇಲೆ ಎಂಜಿನಿಯರಿಂಗ್ ಪದವಿಯನ್ನೂ ಮುಗಿಸಿ, ಕೊನೆಗೆ 619 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. ಓದು ಆಟಗಳು ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ಅವರೇ ನಿದರ್ಶನ. ಅದೇ ರೀತಿ ಬಸವನಗುಡಿಯ ಈಜುಕೇಂದ್ರದಲ್ಲಿ ಬೆಳಗಿನ ಜಾವ ನೀರಿಗಿಳಿಯುವ ಮಕ್ಕಳು ಹತ್ತಾರು ಶಾಲೆಗಳಿಂದ ಬರುವವರು. ಕಾಲೇಜಿನ ಮಟ್ಟಕ್ಕೆ ಹೋದರೆ, ಜಯನಗರದಲ್ಲಿಯೂ ನೆಲೆಯುಳ್ಳ ಜೈನ್ ವಿಶ್ವವಿದ್ಯಾಲಯವು 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯಗಳ ಕ್ರೀಡಾಕೂಟದಲ್ಲಿ 20 ಚಿನ್ನದ ಪದಕ ಗಳಿಸಿ ಅಗ್ರಸ್ಥಾನ ಪಡೆಯಿತು. ಮೂಡಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತಿದೆ. ಇವೆಲ್ಲ ಆರಿಸಿದ ಪ್ರತಿಭೆಗೆ ನೀರೆರೆಯುವ ಕೆಲಸಗಳು, ಸ್ತುತ್ಯವಾದುವು. ಆದರೆ ಶಾಲೆಯ ಮೊದಲ ಕರ್ತವ್ಯ ಅದಲ್ಲ. ಹತ್ತು ವರ್ಷದ ಮಗುವಿಗೆ ಶಾಲೆ ಕೊಡಬೇಕಾದದ್ದು ಪದಕವಲ್ಲ, ಬೆವರು.

ಮಗುವಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ 420 ನಿಮಿಷವಾಯಿತು. ವಾರಕ್ಕೆ ನಲವತ್ತು ನಿಮಿಷದ ಎರಡು ಅವಧಿಯೆಂದರೆ 80 ನಿಮಿಷ. ಅದರಲ್ಲಿ ಸಾಲು ನಿಲ್ಲುವುದಕ್ಕೆ, ಹಾಜರಿಗೆ, ಸರದಿ ಕಾಯುವುದಕ್ಕೆ ಕಳೆದರೆ ಉಳಿಯುವುದೆಷ್ಟು? ನಾವು ಗಡಿಯಾರ ಹಿಡಿದು ಒಂದು ಶಾಲೆಯಲ್ಲಿ ಒಂದೇ ಬಾಲಕಿಯನ್ನು ನೋಡುತ್ತ ಕುಳಿತೆವು. ನಲವತ್ತು ನಿಮಿಷದಲ್ಲಿ ಆಕೆ ಓಡಿದ್ದು ನಾಲ್ಕು ನಿಮಿಷ. ಆಕೆ ಸೋಮಾರಿಯಲ್ಲ, ಚೆಂಡು ಒಂದೇ ಇತ್ತು.

ಆ ನಾಲ್ಕು ನಿಮಿಷ ಕಂಡದ್ದು ಯಾವ ಶಾಲೆಯಲ್ಲಿ ಎಂದು ಕೇಳುವಿರಾ? ನಮ್ಮ ಶಾಲೆಯಲ್ಲಿ.

ಹೌದು. ಮೂರೂ ಶಾಲೆಗಳನ್ನು ತೂಗಿ ನೋಡಿದ ಮೇಲೆ, ನಾವೇ ಅಧ್ಯಕ್ಷರಾಗಿರುವ ವಿದ್ಯಾಸಂಸ್ಥೆಯನ್ನು ಅದೇ ತಕ್ಕಡಿಯಲ್ಲಿಟ್ಟು ನೋಡದೆ ಹೋದರೆ ಅನ್ಯಾಯವಾದೀತೆಂದು ಒಂದು ಮಧ್ಯಾಹ್ನ ನಮ್ಮ ಶಾಲೆಯ ಹುಣಸೆಯ ಮರದಡಿ ಕುಳಿತೆವು. ಕಚೇರಿಯ ಗಾಜಿನ ಬೀರುವಿನಲ್ಲಿ ಕಬಡ್ಡಿಯ ಪಾರಿತೋಷಕಗಳು ತುಂಬಿವೆ. ನಮ್ಮ ತಂಡ ಜಿಲ್ಲಾ ಮಟ್ಟದಲ್ಲಿ ಹೆಸರಾದದ್ದು. ವಾರ್ಷಿಕ ವರದಿಯಲ್ಲಿ ಅದನ್ನೋದಿ ನಾವು ಎಷ್ಟೋ ಸಲ ಚಪ್ಪಾಳೆ ತಟ್ಟಿಸಿದ್ದೇವೆ. ಅಂದು ಕಂಡದ್ದು ಹನ್ನೆರಡು ಮಂದಿ ಆಡುತ್ತಿದ್ದುದನ್ನು, ಮುನ್ನೂರು ಮಂದಿ ನೋಡುತ್ತಿದ್ದುದನ್ನು. ಎಂಟನೆಯ ತರಗತಿ ದಾಟಿದ ಹೆಣ್ಣುಮಕ್ಕಳಂತೂ ನೋಡುತ್ತಲೂ ಇರಲಿಲ್ಲ, ಗೋಡೆಯ ನೆರಳಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಹತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ‘ಆಟ’ ಎಂದಿದ್ದ ಮನೆಯಲ್ಲಿ ಗಣಿತ ಕುಳಿತಿತ್ತು.

ಇದಕ್ಕಿಂತಲೂ ಭಾರವಾದ ಮಾತೊಂದಿದೆ. ಈ ಶಾಲೆಗೆ ಹಿಂದೆ 200 ಮೀಟರ್ ಓಟದ ದಾರಿ ಬರುವಷ್ಟು ಬಯಲಿತ್ತು. 2009ರಲ್ಲಿ, ನಾವು ಪಟ್ಟಕ್ಕೆ ಬಂದ ಹೊಸತು. ಆಂಗ್ಲಮಾಧ್ಯಮದ ವಿಭಾಗಕ್ಕೆ ಬೇಡಿಕೆ ಹೆಚ್ಚಿತ್ತು, ಕೊಠಡಿಗಳು ಸಾಲದಾಗಿದ್ದುವು. ಬಯಲಿನ ಅರ್ಧವನ್ನು ತೆಗೆದುಕೊಂಡು ಕಟ್ಟಡ ಕಟ್ಟಬೇಕೆಂದು ಆಡಳಿತ ಮಂಡಲಿಯು ನಿರ್ಣಯಿಸಿತು. ಆಗಿನ ದೈಹಿಕ ಶಿಕ್ಷಕರು, ನಿವೃತ್ತಿಯ ಅಂಚಿನಲ್ಲಿದ್ದವರು, ಒಂದು ಸಂಜೆ ಒಬ್ಬರೇ ಬಂದು ಅಡ್ಡಬಿದ್ದು ನಿಂತರು. ಹೆಚ್ಚು ಮಾತಾಡುವವರಲ್ಲ.

“ಬುದ್ಧೀ, ಕಟ್ಟಡ ಬೇಕಾದ್ರೆ ಮೇಲಕ್ಕೆ ಬೆಳೆಯುತ್ತೆ. ಬಯಲು ಮೇಲಕ್ಕೆ ಬೆಳೆಯಲ್ಲ” ಎಂದರು.

ಇದ್ದ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಏರಿಸಿರೆಂಬುದು ಅವರ ಬಿನ್ನಹ. ತಳಪಾಯ ಗಟ್ಟಿ ಮಾಡಿಸಲು ವೆಚ್ಚ ಹೆಚ್ಚು, ಕಾಲ ಹೆಚ್ಚು. “ನೋಡೋಣ” ಎಂದೆವು. ನೋಡಲಿಲ್ಲ. ಮರುವಾರವೇ ಸಹಿ ಹಾಕಿದೆವು. ಯಾರೂ ನಮ್ಮನ್ನು ಒತ್ತಾಯಿಸಲಿಲ್ಲ, ಯಾರೂ ವಂಚಿಸಲಿಲ್ಲ. ಭೂಮಿಪೂಜೆಯ ದಿನ ಗುದ್ದಲಿ ಹಿಡಿದ ಕೈ ನಮ್ಮದೇ. ಆ ಶಿಕ್ಷಕರು ಅಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಾವು ಕೊನೆಯಲ್ಲಿ ನಿಂತು, ಪ್ರಸಾದ ಸ್ವೀಕರಿಸಿ ಹೋದರು. ಮತ್ತೆ ಆ ಮಾತೆತ್ತಲಿಲ್ಲ.

ಹುಣಸೆಯ ಮರದಡಿ ಕುಳಿತಾಗ ನೆನಪಾದದ್ದು ಅವರು ಮಾತ್ರವಲ್ಲ. ನಾವು ಹನ್ನೊಂದನೆಯ ವಯಸ್ಸಿಗೆ ಶ್ರೀಮಠದ ಪ್ರಸಾದನಿಲಯಕ್ಕೆ ಬಂದ ದಿನಗಳೂ ನೆನಪಾದುವು. ಹಳ್ಳಿಯಿಂದ ಬಂದ ಕೃಶಕಾಯದ ಹುಡುಗ. ಕಬಡ್ಡಿಗೆ ಇಳಿದರೆ ಮೊದಲ ಹಿಡಿತಕ್ಕೇ ಸಿಕ್ಕುತ್ತಿದ್ದೆವು. ನಮ್ಮನ್ನು ಸೇರಿಸಿಕೊಂಡ ತಂಡ ಸೋಲುತ್ತಿತ್ತು. ಅದಕ್ಕಾಗಿ ಹಿರಿಯ ವಿದ್ಯಾರ್ಥಿಗಳು “ನೀನು ಗೆರೆ ಹತ್ರ ನಿಂತ್ಕೊಂಡು ಎಣಿಸು” ಎಂದರು. ಒಂದು ತಿಂಗಳು ಎಣಿಸಿದೆವು. ಒಂದು ಸಂಜೆ, ಈಗ ಲಿಂಗೈಕ್ಯರಾಗಿರುವ ನಮ್ಮ ಪರಮಪೂಜ್ಯ ಗುರುಗಳು ಗದ್ದುಗೆಯ ಕಡೆಯಿಂದ ಬರುತ್ತಿದ್ದವರು ನಿಂತರು. “ಈ ಮರಿ ಯಾಕೆ ಆಚೆ ನಿಂತಿದೆ?” ಎಂದು ಕೇಳಿದರು. ಎಣಿಸುವುದಕ್ಕೆಂದು ಹುಡುಗರು ಹೇಳಿದರು. ಗುರುಗಳು ಗದರಲಿಲ್ಲ. “ರಾತ್ರಿ ಪಂಕ್ತೀಲಿ ಎಲ್ಲಾರೂ ಕೂತಾಗ, ಒಬ್ಬನನ್ನ ಎಲೆ ಎಣಿಸೋಕೆ ನಿಲ್ಲಿಸ್ತೀರೇನು? ನಿಲ್ಲಿಸಿದ್ರೂ ಕೊನೆಗೆ ಅವನಿಗೂ ಒಂದು ಎಲೆ ಹಾಕಲ್ವೇನು?” ಎಂದಷ್ಟೇ ಕೇಳಿ ಮುಂದೆ ಸಾಗಿದರು.

ಅಂದಿನಿಂದ ಎಣಿಕೆ ಸರದಿಯಾಯಿತು. ನಾವು ಒಳ್ಳೆಯ ಆಟಗಾರರೇನೂ ಆಗಲಿಲ್ಲ. ಹಿಡಿತಕ್ಕೆ ಸಿಕ್ಕುವುದು ತಪ್ಪಲಿಲ್ಲ. ಆದರೆ ಬಿದ್ದರೆ ಏಳಬೇಕೆಂಬುದನ್ನು, ಸೋತ ಮೇಲೂ ಗೆದ್ದವನ ಪಕ್ಕದಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸಬೇಕೆಂಬುದನ್ನು ಆ ಮಣ್ಣಿನಲ್ಲಿ ಕಲಿತೆವು. ಮುಂದೆ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದೆವು, ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೋದಿದೆವು. ಸಮಾನತೆಯೆಂಬ ಶಬ್ದಕ್ಕೆ ಅಲ್ಲೆಲ್ಲ ಅರ್ಥ ಸಿಕ್ಕಿತು. ರುಚಿ ಸಿಕ್ಕಿದ್ದು ಆ ಕಬಡ್ಡಿಯ ಅಂಕಣದಲ್ಲಿ, ಆ ಪಂಕ್ತಿಯಲ್ಲಿ. ಅಂಥ ಗುರುವಿನ ಕರಸಂಜಾತರಾದ ನಾವು, ನೂರಾರು ಮಕ್ಕಳ ಎಲೆಯನ್ನೇ ಎತ್ತಿಹಾಕಿ ಅದರ ಮೇಲೆ ಕಟ್ಟಡ ಕಟ್ಟಿಸಿದ್ದೆವು. ದಾಸೋಹದ ಮನೆಯಲ್ಲಿ ಒಬ್ಬನಿಗೆ ಅನ್ನ ತಪ್ಪಿದರೆ ರಾತ್ರಿ ನಿದ್ರೆ ಬಾರದ ಮಠ ನಮ್ಮದು. ಬಯಲಿನಲ್ಲಿ ಮುನ್ನೂರು ಮಂದಿಗೆ ಆಟ ತಪ್ಪಿದ್ದು ಇಷ್ಟು ವರ್ಷ ನಮ್ಮ ಕಣ್ಣಿಗೇ ಬೀಳಲಿಲ್ಲ.

ಹದಿನೈದು ದಿನವೆಂದದ್ದು ಒಂದು ತಿಂಗಳಾಗಿತ್ತು. ಆ ದಂಪತಿಗಳು ಮತ್ತೆ ಬಂದರು. ನಮ್ಮ ಶಾಲೆಗೇ ಸೇರಿಸಿರೆಂದು ಹೇಳುತ್ತೇವೆಂದು ಅವರು ಎಣಿಸಿದ್ದಂತೆ ತೋರಿತು. ನಾವು ಬನಶಂಕರಿಯ ಆ ಇಕ್ಕಟ್ಟಾದ ಶಾಲೆಯ ಹೆಸರು ಹೇಳಿದೆವು. ತಾಯಿಯ ಮುಖದಲ್ಲಿ ಚಿಂತೆ ಸುಳಿಯಿತು. “ಅಲ್ಲಿ ಗ್ರೌಂಡೇ ಇಲ್ವಲ್ಲ ಬುದ್ಧೀ?” ಎಂದರು. “ಗ್ರೌಂಡಿಲ್ಲ ತಾಯಿ, ಆಟ ಇದೆ” ಎಂದೆವು. ಈಜು ಬೇಕೆಂದರೆ ಬೇಸಗೆಯಲ್ಲಿ ಈಜುಕೇಂದ್ರಕ್ಕೆ ಕಳುಹಿಸಿರಿ, ಅದನ್ನು ಹೊರಗೆ ಕೊಳ್ಳಬಹುದು. ಜೊತೆಯವರೊಡನೆ ಆಡುವುದನ್ನು ಹೊರಗೆ ಕೊಳ್ಳಲಾಗದು ಎಂದೂ ಹೇಳಿದೆವು. ಇಂಗ್ಲಿಷಿನಲ್ಲಿ ಓದುತ್ತಿದ್ದ ಹುಡುಗನನ್ನು ಕನ್ನಡಕ್ಕೆ ತರುವುದು ಸುಲಭದ ನಿರ್ಧಾರವಲ್ಲ. ಅವರು ಎರಡು ದಿನ ಯೋಚಿಸಿ ಒಪ್ಪಿದರು.

ಮಕ್ಕಳಿಗೆ ಶಾಲೆ ಹುಡುಕುವ ಭಕ್ತರಿಗೆ ಈ ಅನುಭವದಿಂದ ಒಂದೆರಡು ಮಾತು. ಬೀರುವಿನೊಳಗಿನ ಪಾರಿತೋಷಕಗಳನ್ನು ಎಣಿಸಬೇಡಿರಿ. ಆಟದ ಅವಧಿಯಲ್ಲಿ ಹೋಗಿ, ಆಚೆ ನಿಂತಿರುವ ಮಕ್ಕಳನ್ನು ಎಣಿಸಿರಿ. ದೈಹಿಕ ಶಿಕ್ಷಕರು ಶಾಲೆಯವರೋ ಗುತ್ತಿಗೆಯವರೋ, ಅವರಿಗೆ ಮಕ್ಕಳ ಹೆಸರು ಗೊತ್ತಿದೆಯೋ ಕೇಳಿರಿ. ದೊಡ್ಡ ತರಗತಿಯ ಹೆಣ್ಣುಮಕ್ಕಳು ಬಯಲಿನಲ್ಲಿದ್ದಾರೆಯೋ ನೋಡಿರಿ. ಹತ್ತನೆಯ ತರಗತಿಯ ವೇಳಾಪಟ್ಟಿಯನ್ನು ತರಿಸಿ, ಆಟದ ಅವಧಿಯಲ್ಲಿ ನಿಜವಾಗಿ ಏನು ನಡೆಯುತ್ತದೆಂದು ಮಗುವನ್ನೇ ಕೇಳಿರಿ. ಕೇಂದ್ರೀಯ ಮಂಡಲಿಯು 2018ರಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆಟವನ್ನು ಪಠ್ಯದಿಂದ ಹೊರಗಿನದೆಂದು ಬಗೆಯಬಾರದೆನ್ನುತ್ತದೆ. ಕೇಳುವ ಹಕ್ಕು ನಿಮಗಿದೆ. ನಮ್ಮ ಶಾಲೆಗೂ ಬಂದು ಕೇಳಿರಿ.

ಕೇಳುವ ಮುನ್ನ ನಾವು ಮಾಡಿರುವುದನ್ನು ಹೇಳಿಬಿಡುತ್ತೇವೆ. ಕಟ್ಟಿದ ಕಟ್ಟಡವನ್ನು ಕೆಡವಲಾಗದು. ಆದರೆ ಉಳಿದ ಅರ್ಧ ಬಯಲಿನಲ್ಲಿ ಇನ್ನು ಮುಂದೆ ಒಂದು ಇಟ್ಟಿಗೆಯನ್ನೂ ಇಡತಕ್ಕದ್ದಲ್ಲವೆಂದು ಆಡಳಿತ ಮಂಡಲಿಯಲ್ಲಿ ನಿರ್ಣಯ ಮಾಡಿಸಿದ್ದೇವೆ. ಅಲ್ಲಿ ನಿಲ್ಲುತ್ತಿದ್ದ ಕಾರುಗಳು, ನಮ್ಮ ಕಾರೂ ಸೇರಿದಂತೆ, ಈಗ ಬೀದಿಯಲ್ಲಿ ನಿಲ್ಲುತ್ತವೆ. ಸುಣ್ಣದಲ್ಲಿ ಕಬಡ್ಡಿಯ ಮೂರು ಅಂಕಣಗಳನ್ನೂ ಖೊ ಖೊ ಆಟದ ಒಂದು ಅಂಕಣವನ್ನೂ ಎಳೆಸಿದ್ದೇವೆ. ಹತ್ತನೆಯ ತರಗತಿಯ ಆಟದ ಅವಧಿಯನ್ನು ಗಣಿತದಿಂದ ಬಿಡಿಸಿಕೊಂಡಿದ್ದೇವೆ. ಗಣಿತದ ಉಪಾಧ್ಯಾಯರು ಇನ್ನೂ ನಮ್ಮ ಮೇಲೆ ಮುನಿದಿದ್ದಾರೆ. ಕೊರತೆಯಿರುವುದು ಕೈಗಳದು. ಒಬ್ಬರೇ ದೈಹಿಕ ಶಿಕ್ಷಕರು ಮುನ್ನೂರು ಮಕ್ಕಳನ್ನು ಆಡಿಸಲಾರರು. ಬೆಂಗಳೂರಿನಲ್ಲಿ ನೆಲೆಸಿರುವ ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬೇಡಿಕೆ. ಈ ಸಲ ಧನವನ್ನು ಕೇಳುತ್ತಿಲ್ಲ. ವಾರಕ್ಕೊಂದು ಸಂಜೆ ಬಂದು, ಷೂ ಬಿಚ್ಚಿಟ್ಟು, ಮಣ್ಣಿಗಿಳಿಯಿರಿ. ನೀವೆಲ್ಲ ಆ ಅಂಕಣದಲ್ಲಿ ಬಿದ್ದು ಎದ್ದವರೇ. ಅದೂ ಒಂದು ದಾಸೋಹ.

ನಮ್ಮ ಹಳೆಯ ದೈಹಿಕ ಶಿಕ್ಷಕರನ್ನು ಅವರ ಊರಿಗೇ ಹೋಗಿ ಕಂಡು ಬಂದೆವು. ಮಾತು ತಪ್ಪಿದ್ದು ನಮ್ಮದೆಂದು ಹೇಳಿದೆವು. ವಯಸ್ಸಾಗಿದೆ, ಕಿವಿ ಮಂದವಾಗಿದೆ. “ಗೆರೆ ನೇರವಾಗಿ ಎಳೆಸಿದೀರಾ ಬುದ್ಧೀ?” ಎಂದು ಕೇಳಿದರು. ಅಷ್ಟೇ.

ಕಳೆದ ಶ್ರಾವಣದಲ್ಲಿ ಆ ಹುಡುಗ ತಂದೆತಾಯಿಯರೊಡನೆ ಬಂದಿದ್ದ. ಸ್ಥೂಲತೆ ಹಾಗೆಯೇ ಇದೆ. ಎರಡು ತಿಂಗಳಲ್ಲಿ ಕರಗುವುದೇನಲ್ಲ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ಅಡ್ಡಬಿದ್ದು ಎದ್ದವನು ಚಡ್ಡಿಯನ್ನು ಕೊಂಚ ಮೇಲೆತ್ತಿ, ತರಚಿ ಹಕ್ಕಳೆಗಟ್ಟಿದ ಮೊಣಕಾಲನ್ನು ನಮಗೆ ತೋರಿಸಿದ. ತಾಯಿ ಗದರಿದರು. ನಾವು ಆ ಮೊಣಕಾಲಿಗೆ ವಿಭೂತಿ ಹಚ್ಚಿ ಕಳುಹಿಸಿದೆವು.

ಎಲ್ಲ ಮಕ್ಕಳಿಗೂ ಆಡಲು ನೆಲ ಸಿಗಲಿ, ಆಡಿಸುವ ಗುರು ಸಿಗಲಿ ಎಂದು ಆರಾಧ್ಯ ಗುರುವಿನಲ್ಲಿ ಪ್ರಾರ್ಥಿಸುತ್ತ, ನಿಮಗೆಲ್ಲ ಶುಭವನ್ನು ಹಾರೈಸುತ್ತೇವೆ. ಶರಣು ಶರಣಾರ್ಥಿ.